ಅಡುಗೆಮನೆಯ ಚಪ್ಪಲಿ

ಐಗಳಿ
12-8-1991

ಅವ್ವನಿಗೆ ಚಂಪಾಳ ನಮಸ್ಕಾರಗಳು.

ನನ್ನ ಹಿಮ್ಮಡದ ನೋವಿಗೆಂದು ಅತ್ತೆಯವರೇ ಅಥಣಿಗೆ ಕರೆದುಕೊಂಡು ಹೋಗಿದ್ದರು. ದಿನವಿಡೀ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವುದೇ ಕಾರಣ, ಅಡುಗೆಮನೆಯಲ್ಲೂ ಮೆತ್ತನೆಯ ಚಪ್ಪಲಿ ಹಾಕಬೇಕು ಎಂದರು ಡಾಕ್ಟರು.

"ನಮ್ಮ ಮನ್ಯಾಗ ಚಪ್ಪಲಿ ಹೊಸ್ತಿಲ ದಾಟೂದಿಲ್ರಿ" ಎಂದು ಅತ್ತೆ ಎದ್ದುಬಿಟ್ಟರು.

ಮರುದಿನ ಮಾವ ಹೊಲಕ್ಕೆ ಹೋದ ಮೇಲೆ ಅತ್ತೆ ಕಾಗದದ ಮೇಲೆ ತಮ್ಮ ಕಾಲಿಟ್ಟು, "ಸುತ್ತ ಗೆರಿ ಎಳಿ. ಈ ಬ್ಯಾನಿ ನನಗ ಇಪ್ಪತ್ತು ವರ್ಷದಿಂದ ಐತಿ" ಎಂದರು.

ಇಬ್ಬರ ಅಳತೆಯನ್ನೂ ಇದರೊಳಗೆ ಇಟ್ಟಿದ್ದೇನೆ. ಹಳೆಯ ಕೌದಿಯ ಬಟ್ಟೆಯಲ್ಲಿ ದಪ್ಪಗೆ ಹೊಲಿ, ತೊಗಲು ಬೇಡ. ದೊಡ್ಡ ಜೋಡನ್ನು ಮೊದಲು ಕಳಿಸು. ಅತ್ತೆ ಅದನ್ನು ಹಾಕಿಕೊಂಡು ಮಾವನವರ ಎದುರು ಓಡಾಡಿದ ಮೇಲೆ ನನ್ನದು ಬಂದರೆ ಸಾಕು.

ನಿನ್ನ ಮಗಳು,
ಚಂಪಾ