ನಾಪತ್ತೆ ಆದವನಲ್ಲ, ಮಾಡಲ್ಪಟ್ಟವನು

ನೇಪಾಳದ ನಾಪತ್ತೆ ತನಿಖಾ ಆಯೋಗದ ಮಾನ್ಯ ಅಧ್ಯಕ್ಷರೇ,

ನಿಮ್ಮ ಕಚೇರಿ ಕಳಿಸಿದ ನಮೂನೆಗೆ ನಾನು ಸಹಿ ಹಾಕುವುದಿಲ್ಲ. ಅದರ ಮೂರನೇ ಸಾಲಿನಲ್ಲಿ ‘ನಾಪತ್ತೆಯಾದ ವ್ಯಕ್ತಿಯ ಹೆಸರು’ ಎಂದಿದೆ. ನನ್ನ ಗಂಡ ಲೌಟನ್ ಥಾರು ನಾಪತ್ತೆಯಾದವನಲ್ಲ, ನಾಪತ್ತೆ ಮಾಡಲ್ಪಟ್ಟವನು. ಚೈತ್ರ ಮುಗಿಯುವುದರೊಳಗೆ ಸಹಿ ಬಾರದಿದ್ದರೆ ಕಡತ ಮುಚ್ಚಲಾಗುವುದು ಎಂದು ಬೆದರಿಸಿದ್ದೀರಿ. ಇಪ್ಪತ್ತಮೂರು ವರ್ಷ ಒಮ್ಮೆಯೂ ತೆರೆಯದ ಕಡತವನ್ನು ಮುಚ್ಚುವುದು ಹೇಗೆಂದು ತಿಳಿಯುವ ಕುತೂಹಲ ನನಗೂ ಇದೆ.

ಅವನನ್ನು ಒಯ್ದದ್ದೂ ಚೈತ್ರದಲ್ಲೇ, ನಡುಮಧ್ಯಾಹ್ನ. ಹೊಸ ಕಣಜ ಕಟ್ಟುತ್ತಿದ್ದೆವು. ಅವನು ಹುಲ್ಲು ಬೆರೆಸಿ ಮಣ್ಣು ಕಲಸಿ ಕೊಡುತ್ತಿದ್ದ, ನಾನು ಮೆತ್ತುತ್ತಿದ್ದೆ. ಕಣಜ ನನ್ನ ಸೊಂಟದೆತ್ತರ ಬಂದಿತ್ತು. ಸಮವಸ್ತ್ರದ ಏಳು ಮಂದಿ ಅಂಗಳಕ್ಕೆ ಬಂದು, ಕಾಡಿನವರಿಗೆ ಅನ್ನ ಹಾಕಿದವನು ನೀನೇನಾ ಎಂದು ಕೇಳಿದರು. ನಮ್ಮ ಬರ್ದಿಯಾ ಜಿಲ್ಲೆಯಲ್ಲಿ ಆಗ ಕಾಡಿನ ಬಂಡುಕೋರರಾಗಲಿ, ಸರ್ಕಾರದ ಸೈನಿಕರಾಗಲಿ, ಬಂದೂಕು ಹಿಡಿದು ಬಂದವರಿಗೆಲ್ಲ ಅನ್ನ ಹಾಕುತ್ತಿದ್ದೆವು. ಹಿಂದಿನ ವಾರ ಈ ಏಳು ಮಂದಿಯಲ್ಲಿ ಇಬ್ಬರು ನಮ್ಮ ಮನೆಯಲ್ಲೇ ಉಂಡು ಹೋಗಿದ್ದರು. ಲೌಟನ್ ಅದನ್ನು ನೆನಪಿಸಲಿಲ್ಲ. ಮೊಣಕೈವರೆಗೆ ಮಣ್ಣಾಗಿದ್ದ ಕೈ ತೋರಿಸಿ, "ಕೈ ತೊಳ್ಕೊಂಡು ಬರ್ತೀನಿ ಸಾಹೇಬ್ರೇ" ಅಂದ. "ಐದು ನಿಮಿಷದ ಕೆಲಸ. ಬಂದು ತೊಳ್ಕೊಳ್ಳೋವಂತೆ" ಅಂದರು. ಅವನು ತೊಳೆಯದ ಕೈಯಲ್ಲೇ ಹೋದ.

ಕೈ ತೊಳೆದುಕೊಂಡವರು ಬೇರೆಯವರು. ಅಂದು ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ ಎರಡೂ ಕಡೆಯವರು ಇಂದು ಒಂದೇ ಸಾಲಿನಲ್ಲಿ ಕೂತು ಚಹಾ ಕುಡಿಯುತ್ತ, ನಾಡಿನ ಗಾಯ ಮಾಯುತ್ತಿದೆ ಎಂದು ಭಾಷಣ ಮಾಡುತ್ತಾರೆ. ಮಾಯಲಿ, ಬೇಡವೆಂದವರಾರು? ಆದರೆ ಮುಳ್ಳು ಒಳಗೇ ಇರುವಾಗ ಮೇಲೆ ಪಟ್ಟಿ ಸುತ್ತಿದರೆ ಕೀವಾಗುತ್ತದೆ ಎಂಬುದು ದನ ಕಾಯುವವರಿಗೂ ಗೊತ್ತು. ನಿಮ್ಮ ಕುರ್ಚಿಯಲ್ಲಿ ಈವರೆಗೆ ಮೂವರು ಕೂತೆದ್ದರು. ಪ್ರತಿಯೊಬ್ಬರೂ ನಮ್ಮ ದೂರನ್ನು ಹೊಸದಾಗಿ ಬರೆಸಿಕೊಂಡರು. ನಾನು ಅಕ್ಷರ ಕಲಿತದ್ದೇ ಈ ಅರ್ಜಿಗಳಿಗಾಗಿ, ಮೂವತ್ತರ ನಂತರ, ರಾತ್ರಿಶಾಲೆಯ ಬೆಂಚಿನ ಮೇಲೆ. ಅಲ್ಲಿ ಮೊದಲು ಹೇಳಿಕೊಟ್ಟ ವ್ಯಾಕರಣ ಇದು: ಕೆಲಸವೊಂದು ನಡೆದಿದ್ದರೆ ಅದನ್ನು ಮಾಡಿದವನೊಬ್ಬ ಇರುತ್ತಾನೆ.

ಪುಷ್ಯದಲ್ಲಿ ಈ ಮಾತನ್ನೇ ನಿಮ್ಮ ಜಿಲ್ಲಾ ಕಚೇರಿಯ ಗುಮಾಸ್ತರಿಗೆ ಹೇಳಿದೆ. ಆತ ಒಳ್ಳೆಯ ಮನುಷ್ಯ, ಕೂರಲು ಕುರ್ಚಿಯನ್ನೂ ಕೊಟ್ಟ. "ಎಲ್ಲಾ ಒಂದೇ ಅಲ್ವೇನಕ್ಕಾ? ನಾಪತ್ತೆ ಆದ್ರೂ ಅಷ್ಟೇ, ಮಾಡಿದ್ರೂ ಅಷ್ಟೇ. ಆಳು ಇಲ್ಲ ತಾನೆ?" ಅಂದ. ಆಮೇಲೆ ನಗುತ್ತ ಸೇರಿಸಿದ: "ಹೆಸರೇ ಲೌಟನ್. ತಿರುಗಿ ಬಂದವನು ಅಂತ ಅರ್ಥ. ಬರ್ತಾನೆ ಬಿಡಿ." ಎರಡು ಕೂಸು ಕಳಕೊಂಡ ಮೇಲೆ ಹುಟ್ಟಿದವನಿಗೆ ಅತ್ತೆ ಇಟ್ಟ ಹೆಸರದು. ಆ ಕುರ್ಚಿಯಲ್ಲಿ ಕೂತಿರಲು ನನ್ನಿಂದಾಗಲಿಲ್ಲ.

ಎರಡೂ ಒಂದೇ ಆಗಿದ್ದರೆ ತಿದ್ದಲು ನಿಮಗೇನು ಕಷ್ಟ? ‘ಆದ’ ಎಂದು ಸಹಿ ಹಾಕಿದ ದಿನ, ನನ್ನ ಗಂಡ ತಾನಾಗಿ ಎಲ್ಲೋ ಹೋದ ಎಂದು ನಾನೇ ಒಪ್ಪಿದಂತೆ. ಆ ಏಳು ಮಂದಿಯನ್ನು ಆಮೇಲೆ ಯಾರೂ ಕೇಳಬೇಕಾಗಿಲ್ಲ. ಅವರಲ್ಲಿ ಒಬ್ಬರ ಹೆಸರು ನನ್ನ ಎಲ್ಲ ಅರ್ಜಿಗಳಲ್ಲೂ ಇದೆ.

ಇನ್ನು ನನ್ನ ಅತ್ತೆ ಬುಧನಿ. ವಯಸ್ಸು ಎಂಬತ್ತಾರು. ಮಾಘಿ ಹಬ್ಬದ ದಿನ ನಮ್ಮ ಥಾರು ಮನೆಗಳಲ್ಲಿ ಎಲ್ಲರೂ ಕೂತು, ಹಿಂದಿನ ವರ್ಷ ಯಾರು ಏನು ಮಾಡಿದರೆಂದು ವಿಚಾರಿಸಿ, ಮುಂದಿನ ವರ್ಷದ ಕೆಲಸ ಹಂಚಿಕೊಳ್ಳುತ್ತೇವೆ. ಅತ್ತೆ ಪ್ರತಿ ಮಾಘಿಯಲ್ಲೂ ಮಗನ ಪಾಲಿಗೆ ಒಂದೇ ಕೆಲಸ ಹೇಳುತ್ತಿದ್ದರು: ಕಣಜದ ಮಣ್ಣು ಕಲಸುವುದು. ಅದನ್ನು ಬೇರೆಯವರು ಮುಟ್ಟುವಂತಿಲ್ಲ. ಅರ್ಧ ಕಣಜ ಹಾಗೇ ಇದೆ, ಕೋಳಿಗಳು ಮೊಟ್ಟೆಯಿಡುತ್ತವೆ.

ಈ ಸಲ ನಾನು ನಿಮ್ಮ ನಮೂನೆ ಓದಿ ಹೇಳಿದೆ. ಕೆಲಸ ಹಂಚುವಾಗ ಅತ್ತೆ ಮೊದಲ ಬಾರಿಗೆ ಮಗನ ಹೆಸರು ಬಿಟ್ಟರು. ಆಮೇಲೆ ಹೇಳಿದರು: "ಅವನನ್ನ ಹುಡುಕೋ ಕೆಲಸ ಆ ದೊಡ್ಡ ಸಾಹೇಬ್ರಿಗೆ. ಬರ್ಕೋ ಸುಕ್ದೈಯಾ. ಬದುಕಿದ್ರೆ ಮನೇಗೆ, ಇಲ್ದಿದ್ರೆ ಮೂಳೇನಾದ್ರೂ ನನ್ನ ಮಡಿಲಿಗೆ."

ಬರೆದುಕೊಂಡಿದ್ದೇನೆ. ಆದ್ದರಿಂದ ನನ್ನ ಬೇಡಿಕೆ ಇಷ್ಟು. ಕ್ರಿಯಾಪದ ತಿದ್ದಿ, ‘ಮಾಡಿದವರ ಹೆಸರು’ ಎಂಬ ಸಾಲೊಂದನ್ನು ಅದರ ಕೆಳಗೇ ಸೇರಿಸಿ ನಮೂನೆ ಮತ್ತೆ ಕಳಿಸಿ. ಅಂದೇ ಸಹಿ ಹಾಕುತ್ತೇನೆ. ಆ ಏಳು ಮಂದಿಯನ್ನು ನ್ಯಾಯಾಲಯದಲ್ಲಿ ನಿಲ್ಲಿಸಿ, ಎಲ್ಲಿಗೆ ಒಯ್ದಿರಿ ಎಂದು ಕೇಳಿ. ಈಗ ನೀವೂ ನಮ್ಮ ಮನೆಯ ಕೆಲಸ ಹೊತ್ತವರು. ಬರುವ ಮಾಘಿಯಂದು ಅತ್ತೆ ಇದ್ದರೆ ಅತ್ತೆ, ಇಲ್ಲದಿದ್ದರೆ ನಾನು, ನಿಮ್ಮ ಹೆಸರು ಬಂದಾಗ ಏನು ಮಾಡಿದಿರಿ ಎಂದು ಕೇಳುತ್ತೇವೆ. ನಿಮಗೊಂದು ಚಾಪೆ ಹಾಸಿರುತ್ತದೆ. ಒಳಗೆ ಬರುವ ಮುನ್ನ ಕೈ ತೊಳೆಯಲು ಅಂಗಳದಲ್ಲಿ ನೀರೂ ಇರುತ್ತದೆ, ನಾವು ಯಾರನ್ನೂ ತಡೆಯುವುದಿಲ್ಲ.

ಇಂತಿ,
ವಿಧವೆ ಎನ್ನಲು ದಾಖಲೆಯಿಲ್ಲದ, ಮುತ್ತೈದೆ ಎನ್ನಲು ಗಂಡನಿಲ್ಲದ,
ಸುಕ್ದೈಯಾ ಥಾರು