ದೇಣಿಗೆ ಚೀಟಿಯಲ್ಲಿ ಬರೆದ ಹೆಸರು

ಗದಗ, ಫೆಬ್ರುವರಿ ಮೂವತ್ತು, ೨೧೬೩

ಪೂಜ್ಯ ಪಾರವ್ವಜ್ಜಿಗೆ, ನಿಮ್ಮ ಮರಿಮಗಳ ಮೊಮ್ಮಗಳು ಸಾವಂತ್ರಿ ಮಾಡುವ ನಮಸ್ಕಾರ.

ನೀವು ಬದುಕಿರುವ ಕಾಲಕ್ಕೆ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ, ತಾರೀಖು ನೋಡಿ ಗಾಬರಿಯಾಗಬೇಡಿರಿ. ಈಗ ಫೆಬ್ರುವರಿಗೂ ಮೂವತ್ತು ದಿನ. ನಾನು ಓದಿದ್ದು ನಾಲ್ಕನೆಯ ಇಯತ್ತೆ. ನಿಮಗೆ ತಿಳಿಯದ ಮಾತು ಬಂದರೆ ಕ್ಷಮಿಸಿರಿ.

ಕಪ್ಪತಗುಡ್ಡದ ಗಾಳಿಯಂತ್ರಗಳ ರೆಕ್ಕೆ ಒರೆಸುವುದು ನನ್ನ ಕೆಲಸ. ಅಷ್ಟು ಎತ್ತರದಲ್ಲಿ ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ಅದಕ್ಕೇ ನನಗೆ ಇಷ್ಟ. ಮನೆಯಲ್ಲಿ ಕರೆಹಕ್ಕಿ ಇದೆ. ಹಕ್ಕಿಯಲ್ಲ, ಕಿಟಕಿಯಲ್ಲಿ ಕೂತು ದೂರದವರ ಮಾತು ಒಪ್ಪಿಸುವ ಮುಷ್ಟಿಯಷ್ಟು ಯಂತ್ರ. ಚುನಾವಣೆ ಬಂದರೆ ಪಕ್ಷಗಳೆಲ್ಲ ಅದರ ಬಾಯಿಂದಲೇ ದೇಣಿಗೆ ಕೇಳುತ್ತವೆ.

ನನಗೆ ಅಕ್ಷರ ಕಲಿಸಿದ ವೀರಭದ್ರ ಮಾಸ್ತರರು ಕಳೆದ ವರ್ಷ ಚುನಾವಣೆಗೆ ನಿಂತರು. ದೇಣಿಗೆ ಕೊಟ್ಟವರ ಪಟ್ಟಿಯನ್ನು ಯಾರಿಗೂ ಕೊಡುವುದಿಲ್ಲ ಎಂದು ಬನ್ನಿ ಗಿಡ ಮುಟ್ಟಿ ಆಣೆ ಮಾಡಿದರು. ನಾನು ಎರಡು ದಿನದ ಕೂಲಿ ಕೊಟ್ಟೆ. ಚೀಟಿಯಲ್ಲಿ ಹೆಸರು, ಓಣಿ, ಕರೆಹಕ್ಕಿಯ ಸಂಖ್ಯೆ ಬರೆದ ಮೇಲೆ ಕೊನೆಗೊಂದು ಸಾಲಿತ್ತು: ಮನೆಯಲ್ಲಿ ಏನೆಂದು ಕರೆಯುತ್ತಾರೆ? ಮಾಸ್ತರರೇ ಕೇಳುತ್ತಿದ್ದಾರಲ್ಲ ಎಂದು 'ಚಿಗಳಿ' ಅಂತ ಬರೆದೆ. ಎಳ್ಳುಬೆಲ್ಲದ ಚಿಗಳಿಯ ಹಾಗೆ ದುಂಡಗೆ ಹುಟ್ಟಿದ್ದೆನಂತೆ. ಹಾಗೆ ಕರೆಯುತ್ತಿದ್ದವಳು ಅವ್ವ ಒಬ್ಬಳೇ. ಅವಳು ತೀರಿಕೊಂಡ ಮೇಲೆ ಆ ಹೆಸರನ್ನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಮಾಸ್ತರರು ಸೋತರು. ತಿಂಗಳೊಳಗೆ ಗೆದ್ದ ಪಕ್ಷ ಸೇರಿದರು, ಪಟ್ಟಿಯನ್ನೂ ಜೊತೆಗೆ ಒಯ್ದರು. ಆ ಪಕ್ಷ ಅದನ್ನು ತನ್ನ ಗೆಳೆಯ ಪಕ್ಷಗಳಿಗೆ ಹಂಚಿತು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ ದನಿ ಕೇಳಿತು: "ಏ ಚಿಗಳಿ, ಉಂಡೇನವಾ?" ಕೈಯ ಹಿಟ್ಟನ್ನೂ ಒರೆಸದೆ ಬಾಗಿಲಿಗೆ ಓಡಿದೆ, ಅಜ್ಜಿ. ಯಾರೂ ಇರಲಿಲ್ಲ. ಹಿಂದಿನಿಂದ ಕರೆಹಕ್ಕಿ ಮಾತು ಮುಂದುವರಿಸಿತು: "ನಮ್ಮ ಪಕ್ಷಕ್ಕ ಒಂದೀಟು ಕೈ ಬಿಚ್ಚವಾ."

ಈಗ ಒಂಬತ್ತು ಪಕ್ಷಗಳು ದಿನಾ ಹಾಗೇ ಕರೆಯುತ್ತವೆ. ಧೈರ್ಯ ಮಾಡಿ ಮಾಸ್ತರರ ಮನೆಗೆ ಹೋದೆ. ಅವರು ನಕ್ಕರು. "ಹೆಸರು ಕರದ್ರ ಸವದ ಹೋಗತೈತೇನ, ಚಿಗಳಿ?" ಎಂದರು. ಅವರಿಗೆ ಕೈಮುಗಿದು ಎದ್ದು ಬಂದೆ. ನಿಮಗೆ ಹೇಳುತ್ತೇನೆ: ಸವೆಯುತ್ತದೆ. ಅವ್ವನ ದನಿ ನೆನೆಯಲು ಕಣ್ಣು ಮುಚ್ಚಿದರೆ ಕರೆಹಕ್ಕಿ ಕೂಗುತ್ತದೆ.

ನಿಮ್ಮ ಕಾಲದಲ್ಲೂ ಚೀಟಿ ಹಿಡಿದು ಬರುತ್ತಾರಂತೆ. ಮನಸ್ಸಿದ್ದರೆ ದೇಣಿಗೆ ಕೊಡಿರಿ. ಆದರೆ ಅಂಥ ಸಾಲು ಕಂಡರೆ ಖಾಲಿ ಬಿಡಿರಿ, ಕೇಳುವವರು ಎಷ್ಟೇ ಬೇಕಾದವರಾಗಿರಲಿ.

ಶ್ರಾವಣದಲ್ಲಿ ನನಗೆ ಮಗು ಹುಟ್ಟುತ್ತದೆ. ಏನೆಂದು ಕರೆಯಬೇಕೆಂದು ಈಗಲೇ ಗೊತ್ತುಮಾಡಿಕೊಂಡಿದ್ದೇನೆ. ಸಿಟ್ಟಾಗಬೇಡಿರಿ ಅಜ್ಜಿ, ಅದನ್ನು ನಿಮಗೂ ಬರೆಯುವುದಿಲ್ಲ.