ನಲವತ್ತರಲ್ಲಿ ಒಂದು ಸಲ

೧೯ ಜನವರಿ ೨೦೦೯, ಸೋಮವಾರ

ಮತ್ತೆ ಅದೇ ಟೆಸ್ಟ್. ಓಡುತ್ತಿರುವ ವರ್ಚುವಲ್ ಮೆಷೀನನ್ನು, ಅಂದರೆ ಸರ್ವರ್ ಒಳಗೆ ಸಾಫ್ಟ್‌ವೇರಿನಿಂದಲೇ ಮಾಡಿದ ಕಂಪ್ಯೂಟರನ್ನು, ನಿಲ್ಲಿಸದೆ ಇನ್ನೊಂದು ಸರ್ವರ್‌ಗೆ ಸಾಗಿಸಬೇಕು. ಹೊರಡುವ ಮುಂಚೆ ಅದರಿಂದ ನೆಟ್‌ವರ್ಕ್ ಕಾರ್ಡ್ ಬಿಡಿಸಿಕೊಳ್ಳಬೇಕು. ನಾವು "ಬಿಡು" ಅನ್ನುತ್ತೇವೆ, ಅದು "ಬಿಟ್ಟೆ" ಅನ್ನಬೇಕು. ಏನೇ ನಿನ್ನ ಕೆಲಸ ಎಂದು ಅಮ್ಮ ಕೇಳಿದಾಗ ಹೇಳಿದ್ದೆ — ಕಂಕುಳಲ್ಲಿರೋ ಮಗು ಸರ ಹಿಡ್ಕೊಂಡಿರುತ್ತಲ್ಲಮ್ಮ, ಬೆರಳು ಬಿಡಿಸಿ ತಾನೆ ಇನ್ನೊಬ್ರ ಕೈಗೆ ಕೊಡೋದು, ಹಾಗೆ.

ಕೆಲವು ಸಲ ಮೆಷೀನಿನಿಂದ ಉತ್ತರವೇ ಇಲ್ಲ. ಡೆಡ್‌ಲೈನ್ ತಲೆ ಮೇಲೆ. ಕೋಡಿಗೆ ಒಂದು ಸಾಲು ಸೇರಿಸಿದೆ: ಐದು ಸೆಕೆಂಡ್ ಕಾದು, ಬಿಟ್ಟಿದೆ ಅಂದುಕೊಂಡು ಮುಂದೆ ಹೋಗು. ಟೆಸ್ಟ್ ಪಾಸ್. ವಿಜಯನಗರದ ಬಸ್ಸಿನಲ್ಲಿ ಸೀಟೂ ಸಿಕ್ಕಿತು.

೨೭ ಜನವರಿ

ಹೊಸ ಟೆಸ್ಟರ್ ಶ್ರೀಶೈಲ ನನ್ನ ಸೀಟಿನ ಹತ್ತಿರ ಬಂದಿದ್ದ. ಇಳಕಲ್ಲಿನವನು, ಗೋವಿಂದರಾಜನಗರದಲ್ಲಿ ರೂಮು. ಎರಡು ವರ್ಷ ಅಲೆದು ಸಿಕ್ಕ ಮೊದಲ ಕೆಲಸ. ಪ್ರೊಬೇಷನ್ ಮಾರ್ಚ್‌ವರೆಗೆ.

"ಮೇಡಂ, ಅದು ಬಿಟ್ಟೇನಿ ಅಂದೇ ಇಲ್ರಿ. ನಾವ ಅಂದ್ಕೊಂಡೀವಿ. ಆ ಕಡೆ ಹೋದಮ್ಯಾಲೆ ಹ್ಯಾಂಗ್ ಆಗ್ತೈತ್ರಿ."

"ಎಷ್ಟು ಸಲ?"

"ನಲವತ್ತರಾಗ ಒಂದ್ ಸಲ."

"ನನ್ ಮೆಷೀನಲ್ಲಿ ಬರ್ತಾ ಇಲ್ಲಪ್ಪ."

ಅವನು ಸಿಸ್ಟಮ್ಮಿನಲ್ಲಿ ಹಾಕಿದ ಬಗ್, ಅಂದರೆ ತಪ್ಪಿನ ದೂರನ್ನು, "ತೊಂದರೆಯಿಲ್ಲ" ಎಂದು ಮುಚ್ಚಿದೆ. ನಿಜವಾಗಿ ನಾನು ಓಡಿಸಿದ್ದು ನಾಲ್ಕೇ ಸಲ.

೩ ಫೆಬ್ರವರಿ

ಮತ್ತೆ ತೆರೆದಿದ್ದಾನೆ. ಮತ್ತೆ ಮುಚ್ಚಿದೆ. ಹಟಮಾರಿ. ಮಧ್ಯಾಹ್ನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟ. ನಾಚಿಕೆಯಿಲ್ಲದೆ ಎರಡು ತಿಂದೆ.

೧೧ ಫೆಬ್ರವರಿ

ಮೂರನೇ ಸಲ. ಹ್ಯಾಂಗ್ ಆದದ್ದರ ದಾಖಲೆ, ಲಾಗ್ ಸಮೇತ. ಶುಕ್ರವಾರ ಕಸ್ಟಮರ್‌ಗೆ ಡೆಮೊ... "ಆಮೇಲೆ ನೋಡೋಣ" ಎಂದು ಬರೆದು ಮುಚ್ಚಿದೆ.

೧೩ ಫೆಬ್ರವರಿ, ಶುಕ್ರವಾರ

ಕಸ್ಟಮರ್ ಎದುರೇ ಹ್ಯಾಂಗ್. ಮೆಷೀನು ಆ ಕಡೆ ಹೋಗಿ, ಅಲ್ಲಿಲ್ಲದ ಕಾರ್ಡ್ ಹುಡುಕುತ್ತ ನಿಂತುಬಿಟ್ಟಿತು.

"ಟೆಸ್ಟಿಂಗಲ್ಲಿ ಇದು ಯಾಕ್ರೀ ಸಿಗ್ಲಿಲ್ಲ?" ಮ್ಯಾನೇಜರ್ ಯೋಗಾನಂದ ಸಾರ್ ಕೂಗಿದರು. ಎಲ್ಲರೂ ಶ್ರೀಶೈಲನ ಕಡೆ ನೋಡಿದರು. ಅವನು ನನ್ನ ಕಡೆ ನೋಡಿದ. ನಾನು ಕೀಬೋರ್ಡ್ ನೋಡಿದೆ. ಮುಚ್ಚಿದ ಬಗ್ಗನ್ನು ಯಾರೂ ತೆರೆದು ನೋಡುವುದಿಲ್ಲ. ಅದು ನನಗೆ ಗೊತ್ತಿತ್ತು.

೧೬ ಫೆಬ್ರವರಿ

ಹನ್ನೊಂದಕ್ಕೆ ಅವನನ್ನು ಒಳಗೆ ಕರೆದರು. ಹನ್ನೊಂದೂ ಐದಕ್ಕೆ ಕೆಲಸ ಹೋಗಿತ್ತು, ಲಾಗಿನ್ ತೆಗೆದಿದ್ದರು. ಬ್ಯಾಗ್ ಎತ್ತಿಕೊಂಡು ನನ್ನ ಹತ್ತಿರ ಬಂದ. ಬೈಯುತ್ತಾನೆ ಅಂದುಕೊಂಡೆ.

"ಮೇಡಂ, ಟೆಸ್ಟ್ ಮೂವತ್ತೊಂದನೇ ಸಲ ಓಡಾಕತ್ತೈತಿ. ನೋಡ್ಕೊಳ್ರಿ."

ಕೂತು ನೋಡಿದೆ. ಮೂವತ್ತೆಂಟನೆಯದು ಹ್ಯಾಂಗ್ ಆಯಿತು. ಊಟದ ಡಬ್ಬಿ ಮೇಜಿನ ಮೇಲೇ ಮರೆತಿದ್ದಾನೆ.

೨ ಮಾರ್ಚ್

ಫೋನ್ ಸ್ವಿಚ್ ಆಫ್, ಎರಡು ವಾರದಿಂದ. ಡಬ್ಬಿ ಹಿಡಿದು ಗೋವಿಂದರಾಜನಗರಕ್ಕೆ ಹೋದೆ. ಓನರ್ ಲಕ್ಷ್ಮಿದೇವಮ್ಮ ಬಾಗಿಲು ತೆಗೆದರು.

"ಖಾಲಿ ಮಾಡ್ಕೊಂಡ್ ಹೋದ್ನಮ್ಮ. ಕೆಲ್ಸದಲ್ಲಿ ಏನೋ ತಪ್ಪಾಯ್ತಂತೆ."

"ಯಾರ ತಪ್ಪು ಅಂದ?"

"ನಂದೇ ಅಂದ. ಇನ್ನೂ ಜೋರಾಗಿ ಹೇಳ್ಬೇಕಿತ್ತು ಆಂಟಿ, ಅಂದ."

ಡಬ್ಬಿ ಅಲ್ಲಿ ಕೊಡಲಾಗಲಿಲ್ಲ. ಬಸ್‌ಸ್ಟಾಪಿನಲ್ಲಿ ನಿಂತು ಅತ್ತೆ.

೩ ಮಾರ್ಚ್, ಬೆಳಿಗ್ಗೆ ೧೧.೨೦

ಐದು ಸೆಕೆಂಡಿನ ಆ ಸಾಲು ನಿನ್ನೆ ರಾತ್ರಿಯೇ ತೆಗೆದೆ. "ಬಿಟ್ಟೆ" ಎಂದು ಬರುವವರೆಗೆ ಈಗ ಸಾಗಣೆ ಶುರುವಾಗುವುದೇ ಇಲ್ಲ. ರಾತ್ರಿಯಿಡೀ ನಾನೂರು ಸಲ ಓಡಿಸಿದೆ. ಒಂದೂ ಹ್ಯಾಂಗ್ ಇಲ್ಲ.

ತಿದ್ದಿದ ಕೋಡಿನ ಕೊನೆಗೆ ತಪ್ಪು ಕಂಡುಹಿಡಿದವರ ಹೆಸರು ಬರೆಯುವುದು ನಮ್ಮಲ್ಲಿ ಪದ್ಧತಿ. ಶ್ರೀಶೈಲ ಎಂದು ಬರೆದೆ.

ಯೋಗಾನಂದ ಸಾರ್ ನೋಡಿದರು. "ಅವ್ನು ಈಗಿಲ್ವಲ್ಲ ಕೋಕಿಲಾ. ಆ ಹೆಸ್ರು ತೆಗೆದ್ಬಿಡಿ."

ಹೂಂ ಎಂದು ತಲೆ ಆಡಿಸಿ ಸೀಟಿಗೆ ಬಂದೆ. ಹೆಸರು ಇನ್ನೂ ಸ್ಕ್ರೀನಿನ ಮೇಲಿದೆ. ಪಕ್ಕದಲ್ಲಿ ತಾರೀಖು ಸೇರಿಸಿದೆ, ೨೭ ಜನವರಿ. ಕೆಳಗೆ ಇನ್ನೊಂದು ಸಾಲು ಬೇಕು. ಈ ಡೈರಿಯಲ್ಲಿ ಒಮ್ಮೆ ಬರೆದು ನೋಡಿ ಆಮೇಲೆ ಅಲ್ಲಿ —

ಮೂರು ಸಲವೂ ಮುಚ್ಚಿದವರು: